ಗೊಡ್ಡೆಮ್ಮಿ ಅಂತ ಸಂತಿಗೆ ಹೊಡಿಯೂಕಿಂತ ಮೊದಲ ಗ್ವಾದಲಿ ನೋಡ್ರಿ

ಮೂರು ವರ್ಷದ ಹಿಂದೆ ಒಂದು ಎಮ್ಮಿ ಗೊಡ್ಡಾತು ಅಂತ ಸಂತ್ಯಾಗ ಅಗ್ಗಕ್ಕ ಮಾರಿದೆ. ಒಂದೂವರೆ ವರ್ಷಕ್ಕ ಅದೇ ಎಮ್ಮಿ ಪಕ್ಕದ ಊರಾಗ ಕರು ಹಾಕಿ ನಿಂತಿತ್ತು. ಆ ಮನಿ ಯಜಮಾನ ನಕ್ಕೊಂತ ಚಾ ಕುಡಿಸಿದ. ಆ ಚಾ ಇನ್ನೂ ನನ್ನ ಗಂಟಲಾಗ ಐತಿ.

ಹೋದ ವರ್ಷ ಇನ್ನೊಂದು ಎಮ್ಮಿಗೂ ಹಂಗ ಆತು. ಮಾಘದಾಗ ಈದದ್ದು, ಶ್ರಾವಣ ಬಂದರೂ ಬೆದಿಗೆ ಬರಲಿಲ್ಲ. ಎರಡು ಸಲ ಬೆದಿ ಇಂಜೆಕ್ಷನ್ ಹಾಕ್ಸಿದೆ, ರೊಕ್ಕ ಹೋತು. ಕೊನೆಗೆ ಬಂದ ಡಾಕ್ಟ್ರು ಒಳಗ ಕೈ ಹಾಕಿ ನೋಡಿ, "ಗರ್ಭಚೀಲ ಚಲೋ ಐತಿ, ಅಂಡಾಶಯದ ಮ್ಯಾಲೆ ಮಾತ್ರ ಏನೂ ಬೆಳದಿಲ್ಲ. ಏನು ತಿನಿಸ್ತೀರಿ?" ಅಂದ್ರು. ಕಣಕಿ, ಒಂದು ಬೊಗಸಿ ಬೂಸಾ ಅಂದೆ. ಹಾಲು ಇಳಿದ ಮ್ಯಾಲೆ ಹಿಂಡಿ ನಿಲ್ಲಿಸಿದ್ದೆ. ನಾವೆಲ್ಲಾ ಮಾಡೂದು ಅದನ್ನ ಅಲ್ಲೇನ್ರಿ?

ಅವರು ಕೂತು ತಿಳಿಸಿ ಹೇಳಿದ್ರು. ಅಂಡಾಶಯದ ಮ್ಯಾಲೆ ನೀರು ತುಂಬಿದ ಗುಳ್ಳೆ ಇರ್ತಾವ, ಅವಕ್ಕ ಫಾಲಿಕಲ್ ಅಂತಾರ. ತತ್ತಿ ಬಲಿಯೂದು ಆ ನೀರಿನ್ಯಾಗ. ಆ ನೀರು ಬಹುಪಾಲು ರಕ್ತದಿಂದ ಸೋಸಿ ಬಂದದ್ದು. ರಕ್ತದಾಗಿನ ಸಕ್ಕರೆ, ಕೊಬ್ಬು, ಪ್ರೋಟೀನು, ಖನಿಜ ಅದರಾಗೂ ಇರ್ತಾವ. ವಿಜ್ಞಾನಿಗಳು ಕಸಾಯಿಖಾನೆಯಿಂದ ಅಂಡಾಶಯ ತಂದು, ಸೂಜಿಲೆ ಆ ನೀರು ತಗದು ಅಳೆದು ನೋಡ್ಯಾರ. ಗುಳ್ಳೆ ದೊಡ್ಡದಾದಂಗ ನೀರಿನ್ಯಾಗ ಗ್ಲೂಕೋಸ್ ಹೆಚ್ಚಾಗ್ತೈತಿ. ಹೊಟ್ಟಿಗೆ ಕಡಿಮಿ ಬಿದ್ದ ಎಮ್ಮಿ ಮೈಕೊಬ್ಬು ಕರಗಿಸ್ತೈತಿ, ಆ ಕರಗಿದ ಕೊಬ್ಬು ಗುಳ್ಳೆ ನೀರಿಗೂ ಇಳಿದು ತತ್ತಿ ಕೆಡಸ್ತೈತಿ. ಬೆದಿ ತೋರಿಸೋ ಈಸ್ಟ್ರೋಜನ್ ಹಾರ್ಮೋನು ಹುಟ್ಟೂದೂ ಆ ಗುಳ್ಳ್ಯಾಗ. ಗುಳ್ಳೆನ ಬೆಳೀಲಿಲ್ಲಂದ್ರ ಬೆದಿ ಎಲ್ಲಿಂದ ಬರಬೇಕು? ಅದರ ಮ್ಯಾಲೆ, ಆಕಳಿಗಿಂತ ಎಮ್ಮಿಗೆ ಗುಳ್ಳೆ ಮೊದಲ ಕಡಿಮಿ.

ಇಂಜೆಕ್ಷನ್ ತಪ್ಪು ಅನ್ನಾಂಗಿಲ್ಲ. ಗುಳ್ಳೆ ಬೆಳದಿದ್ದಲ್ಲಿ ಅದು ಕೆಲಸ ಮಾಡ್ತೈತಿ. ಗರ್ಭಚೀಲದಾಗ ಕೀವು ಇದ್ರ ಹಿಂಡಿ ಹಾಕಿ ಉಪಯೋಗಿಲ್ಲ, ಔಷಧಿನ ಬೇಕು. ನನ್ನ ತಕರಾರು ಇಷ್ಟ: ಸೂಜಿಗೆ ರೊಕ್ಕ ಬಿಚ್ಚೋ ನಾವು ಹಿಂಡಿಗೆ ಯಾಕ ಕೈ ಬಿಗಿ ಹಿಡಿತೀವಿ? ಗುಳ್ಳೆ ಬೆಳೀಲಿಕ್ಕೆ ತಿಂಗಳುಗಟ್ಟಲೆ ಬೇಕು. ಈ ವಾರ ತಿನಿಸಿ ಮುಂದಿನ ವಾರ ಬೆದಿ ಕೇಳಿದ್ರ ಆಗೂದಿಲ್ಲ. ಈಯೂಕಿಂತ ಎರಡು ತಿಂಗಳು ಮೊದಲ, ಹಾಲು ಬತ್ತಿದಾಗಿಂದನ, ಚಲೋ ಮೇವು ಬೀಳಬೇಕು. ನಾವು ಆಗ ಹಾಲಿಲ್ಲಲ್ಲ ಅಂತ ಒಣ ಕಣಕಿ ಒಗದು ಬಿಡ್ತೀವಿ.

ಜಂತಿನ ಔಷಧಿ ಹಾಕಿದೆ. ದಿನಾ ಒಂದೂವರೆ ಕೆಜಿ ಹಿಂಡಿ, 50 ಗ್ರಾಂ ಖನಿಜ ಮಿಶ್ರಣ, ಸಂಜಿಗೆ ಹಸಿ ಮೇವು, ಬಿಸಿಲೊತ್ತಿನ್ಯಾಗ ಮೈಮ್ಯಾಲೆ ನೀರು. ಕಾರ್ತಿಕದಾಗ ಒಂದಿನ ನಸುಕಿನ್ಯಾಗ ಬೆದಿಗೆ ಬಂತು. ಒದರಲಿಲ್ಲ, ಬರೇ ಲೋಳಿ ಹಾಕಿತ್ತು. ಸಗಣಿ ಬಳಿಯಾಕ ಹೋದ ನಮ್ಮ ಮನಿಯವಳು ನೋಡಿದ್ಲು, ನನ್ನ ಕಣ್ಣಿಗಂತೂ ಬೀಳ್ತಿರಲಿಲ್ಲ. ಸಂಜಿಗೆ ಸೆಮೆನ್ ಕೊಡಿಸಿದೆ. ಚಳಿ ಸುರುವಾದ್ರ ಎಮ್ಮಿ ತಾನಾಗೇ ಬೆದಿಗೆ ಬರೂದು ಹೆಚ್ಚು, ಅದರ ಪಾಲೂ ಇರಬಹುದು, ಸುಳ್ಳು ಯಾಕ ಹೇಳ್ಲಿ. ಈಗ ಐದು ತಿಂಗಳ ಗಬ್ಬ ಐತಿ.

ಈದು ಆರು ತಿಂಗಳಾದರೂ ಬೆದಿಗೆ ಬರದ ಎಮ್ಮಿ ನಿಮ್ಮಲ್ಲಿ ಇದ್ರ, ದಿನಾ ಏನೇನು, ಎಷ್ಟೆಷ್ಟು ಹಾಕ್ತೀರಿ ಅಂತ ಕೆಳಗ ಬರೀರಿ. ಮುಚ್ಚಿಟ್ಟು ಬರೀಬ್ಯಾಡ್ರಿ, ನಾನೂ ಬರದೀನಲ್ಲ.