ಅರಿವೂ ಅಳಲೂ

ತಾಳಿಕೋಟೆಯ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ 1565ನೆಯ ಇಸವಿಯ ಯುದ್ಧದೊಡನೆ ಸೇರಿಹೋಗಿದೆ. ಆ ಇಸವಿಯನ್ನು ಕೇಳಿದರೆ ನಮ್ಮ ಹುಡುಗಿಯರು ಥಟ್ಟನೆ ಹೇಳುವರು. ಆದರೆ 1876ರಿಂದ 1878ರ ವರೆಗೆ ಇದೇ ಸೀಮೆಯನ್ನು ಬೇಯಿಸಿದ ಬರಗಾಲದ ಮಾತೆತ್ತಿದರೆ ಉತ್ತರ ಬರುವುದು ಅಪರೂಪ. ಅರಸರ ಸೋಲುಗೆಲುವುಗಳನ್ನು ಬಲ್ಲವರು ತಮ್ಮ ಹಿರಿಯರ ಹಸಿವನ್ನು ಅರಿಯದಿದ್ದರೆ ಅದನ್ನು ವಿದ್ಯೆಯೆನ್ನಬಹುದು, ಜ್ಞಾನೋದಯವೆನ್ನಬಹುದೇ? ಈ ಪ್ರಶ್ನೆಯನ್ನು ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದೆ ವಿನಯದಿಂದ ಇಡಬಯಸುತ್ತೇನೆ.

ಜ್ಞಾನೋದಯವೆಂದರೆ ದುಃಖದಿಂದ ಪಾರಾಗುವುದೆಂದು ಹಲವರು ತಿಳಿದಿರುವರು. ಕಷ್ಟವೇ ಮನುಷ್ಯನಿಗೆ ಬೆಳಕು ತರುವ ಗುರುವೆಂದು ಮತ್ತೆ ಕೆಲವರು ಹೇಳುವರು. ಪಂಡಿತಾ ರಮಾಬಾಯಿಯವರ ಜೀವನವನ್ನು ನೋಡಿದರೆ ಇವೆರಡೂ ಅರೆಮಾತುಗಳೆಂದು ತೋರುತ್ತದೆ.

ರಮಾಬಾಯಿಯವರು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು, ಹೆಂಗಸರಿಗೆ ಸಂಸ್ಕೃತವು ಸಲ್ಲದೆನ್ನುತ್ತಿದ್ದ ಕಾಲದಲ್ಲಿ ತಮ್ಮ ಪತ್ನಿಗೆ ಅದನ್ನು ಕಲಿಸಿದ್ದರು; ಆ ತಾಯಿ ಮಗಳಿಗೆ ಕಲಿಸಿದಳು. ಬಾಲೆಯ ನಾಲಿಗೆಯಲ್ಲಿ ಸಾವಿರಾರು ಶ್ಲೋಕಗಳು ನೆಲಸಿದವು. ಆದರೆ 1870ರ ದಶಕದಲ್ಲಿ ದಕ್ಷಿಣದೇಶದಲ್ಲಿ ಕ್ಷಾಮವು ತಲೆದೋರಿದಾಗ ಆ ಶ್ಲೋಕಗಳು ಹಿಡಿ ಹಿಟ್ಟಾಗಲಿಲ್ಲ. ತಂದೆ ತೀರಿಕೊಂಡರು. ಉಳಿದವರು ನಮಗೆ ಕೃಷ್ಣೆಯಾಚೆಯ ನೆರೆಯಾದ ರಾಯಚೂರಿಗೆ ಬಂದರು. ಅಲ್ಲಿ ಹಾಸಿಗೆ ಹಿಡಿದ ತಾಯಿ ಒಂದು ತುಣುಕು ಸಜ್ಜೆಯ ರೊಟ್ಟಿಯನ್ನು ಬಯಸಿದಳು. ಬೇಡಲು ಹೋದ ಮಗಳಿಗೆ ನಾಚಿಕೆಯಿಂದ ಮಾತು ಹೊರಡಲಿಲ್ಲ. ಕಣ್ಣೀರನ್ನು ತಡೆಯುತ್ತ ಸುಮ್ಮನೆ ನಿಂತಳು. ಮನೆಯೊಡತಿಯು ಅವಳ ಮೊಗವನ್ನು ನೋಡಿ, ತಿನ್ನಲು ಏನಾದರೂ ಬೇಕೇ ಎಂದು ತಾನಾಗಿಯೇ ಕೇಳಿದಳು. ತಾಯಿ ಬದುಕಲಿಲ್ಲ. ಈ ಸಂಗತಿಯನ್ನು ರಮಾಬಾಯಿಯವರೇ ತಮ್ಮ ಆತ್ಮಕಥನದಲ್ಲಿ ಬರೆದಿಟ್ಟಿದ್ದಾರೆ.

ಕಷ್ಟವೇ ಗುರುವಾಗಿದ್ದರೆ ಆ ದಶಕದ ಕ್ಷಾಮಗಳಲ್ಲಿ ನವೆದ ಲಕ್ಷಾಂತರ ಜನರೆಲ್ಲರೂ ಜ್ಞಾನಿಗಳಾಗಬೇಕಾಗಿತ್ತು, ಅವರು ಮಣ್ಣಾದರು. ಹಸಿವನ್ನು ಹೊಗಳುವುದು ಉಂಡವರ ಮಾತು. ಇನ್ನು, ಪಾಂಡಿತ್ಯವೇ ಬೆಳಕಾಗಿದ್ದರೆ 1878ರಲ್ಲಿ ಕಲಕತ್ತೆಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತಾಗ ರಮಾಬಾಯಿಯವರು ತೃಪ್ತಿಯಿಂದ ಕುಳಿತಿರಬಹುದಾಗಿತ್ತು. ಅವರು ಕುಳಿತಿರಲಿಲ್ಲ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. 1896–97ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ತಾವೇ ಹೋಗಿ, ಹಸಿದ ಹೆಣ್ಣುಮಕ್ಕಳನ್ನು ಕರೆತಂದು, ಕೇಡಗಾಂವದಲ್ಲಿ ಆಶ್ರಯವಿತ್ತು, ಓದನ್ನೂ ಕೈಗೆಲಸವನ್ನೂ ಕಲಿಸಿದರು. 1912ರಲ್ಲಿ ನಮ್ಮ ಗುಲಬರ್ಗಾದಲ್ಲಿಯೂ ಅವರ ಪ್ರಯತ್ನದಿಂದ ಶಾಲೆಯೊಂದು ಆರಂಭವಾಯಿತು; ಮಗಳು ಮನೋರಮೆಯು ಅದರ ಹೊಣೆ ಹೊತ್ತಳು.

ತಾನುಂಡ ನೋವು ಪರರ ನೋವನ್ನು ಕಾಣುವ ಕಣ್ಣಾಗುವುದು, ಕಂಡ ಕಣ್ಣು ದುಡಿಯುವ ಕೈಯಾಗುವುದು — ಇದನ್ನೇ ನಾನು ಜ್ಞಾನೋದಯವೆನ್ನುತ್ತೇನೆ. ರಾಯಚೂರಿನ ಆ ಗೃಹಿಣಿಗೂ ಇದರಲ್ಲಿ ಪಾಲುಂಟು. ಆಕೆಗೆ ಅಕ್ಷರ ಬಂದಿರಲಿ, ಬಾರದಿರಲಿ, ಎದುರು ನಿಂತವಳ ಮೊಗವನ್ನು ಓದಬಲ್ಲವಳಾಗಿದ್ದಳು.

ಹಾಗಾದರೆ ಪ್ರತಿಯೊಬ್ಬಳೂ ಹಸಿದೇ ಹಸಿವನ್ನು ಕಲಿಯಬೇಕೇ? ಬೇಡ. ಹಾಗೆ ಕಲಿಯಬೇಕಾದ ದುರ್ದೈವವು ಬಾರದಿರಲೆಂದೇ ಶಾಲೆಗಳಿರುವುದು. ಪರರ ಅಳಲನ್ನು ಸ್ವತಃ ಅನುಭವಿಸದೆಯೂ ಅರಿಯುವ ಶಕ್ತಿಯನ್ನು ಕೊಡದ ಪಾಠವು ಎಷ್ಟು ಅಂಕಗಳನ್ನು ತಂದರೂ ಅರ್ಧ ಪಾಠವೇ ಸರಿ.

ಆದಕಾರಣ ಪಾಲಕರಲ್ಲಿ ಒಂದು ಬಿನ್ನಹ. ಮಗಳ ಅಂಕಪಟ್ಟಿಯನ್ನು ನೋಡುವಾಗ, ಅವಳ ತರಗತಿಯಲ್ಲಿ ಯಾರ ಸ್ಥಳವು ಬರಿದಾಗಿದೆಯೆಂಬುದನ್ನೂ ಕೇಳಿರಿ. ಮಳೆ ಕೈಕೊಟ್ಟ ವರ್ಷ ತಾಯಿತಂದೆಯರೊಡನೆ ಗೋವೆಗೋ ಪುಣೆಗೋ ದುಡಿಯಲು ಹೋದ ಗೆಳತಿಯ ಹೆಸರನ್ನು ಅವಳು ಬಲ್ಲಳೇ? ಬಲ್ಲಳಾದರೆ ಸಂತೋಷಪಡಿರಿ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಬಾಗಿಲಿಗೂ ಎಂದಾದರೊಮ್ಮೆ ಮಾತು ಹೊರಡದ ಒಬ್ಬಳು ಬಂದು ನಿಲ್ಲುವಳು. ಅವಳು ಬಾಯಿ ತೆರೆಯುವುದಕ್ಕೆ ಮುನ್ನ ನೀವೇ ಕೇಳಿದಿರಾದರೆ, ಇಲ್ಲಿ ಕಲಿತ ನಿಮ್ಮ ವಿದ್ಯೆಯು ಸಾರ್ಥಕವಾಯಿತೆಂದು ತಿಳಿಯಿರಿ.