ಹತ್ತು ಹೆಗಲ ಪಲ್ಲಕ್ಕಿ

1935ರಲ್ಲಿ ಮೈಸೂರಿನ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಆರಂಭಿಸಿದ ಬಾನುಲಿಯ ಶಕ್ತಿ ಬರೀ 30 ವಾಟ್. ದೂರದವರಿಗೂ ಕೇಳಿಸಬೇಕಾದರೆ ಸಾವಿರಾರು ವಾಟ್ ಬೇಕು. ಹಿಂದೆ ಈ ಭಾರವನ್ನು ಒಂದೆರಡು ದೊಡ್ಡ ವಾಲ್ವುಗಳೇ ಹೊರುತ್ತಿದ್ದವು. ಅವು ಸುಟ್ಟರೆ ನಿಲಯವೇ ಮೌನ.

ಈಗಿನ ಎಷ್ಟೋ ಪ್ರೇಷಕಗಳಲ್ಲಿ ಟ್ರಾನ್ಸಿಸ್ಟರಿನ ವರ್ಧಕಗಳು ಬಿಡಿ ಪೆಟ್ಟಿಗೆಗಳಲ್ಲಿರುತ್ತವೆ. ಸಂಕೇತವನ್ನು ಹತ್ತು ಪಾಲು ಮಾಡಿ, ಒಂದೊಂದನ್ನೂ 1 ಕಿಲೋವಾಟಿಗೆ ಏರಿಸಿ, ಮತ್ತೆ ಕೂಡಿಸಿದರೆ 10 ಕಿಲೋವಾಟ್. ಅಲೆಗಳೆಲ್ಲ ಒಂದೇ ತಾಳದಲ್ಲಿ ಬರಬೇಕು, ನಮ್ಮ ಸಂಘದ ಭಜನೆಯಂತಲ್ಲ!

ಒಂದು ಪೆಟ್ಟಿಗೆ ಕೆಟ್ಟರೆ ಉಳಿಯುವುದು 9 ಎನ್ನುವಿರಾ? ಅಲ್ಲ, ಸುಮಾರು 8.1. ಜೊತೆ ತಪ್ಪಿದ್ದರಿಂದ ಉಳಿದವುಗಳ ಶಕ್ತಿಯಲ್ಲೂ 0.9 ಕಿಲೋವಾಟ್ ಸಮತೋಲನದ ರೋಧಕಗಳಲ್ಲಿ ಬಿಸಿಯಾಗಿ ಹೋಗುತ್ತದೆ. ಆದರೂ ವಾರ್ತೆ ನಿಲ್ಲದು. ಪೆಟ್ಟಿಗೆ ಬದಲಾಯಿಸುವವರೆಗೆ ನಮ್ಮ ಕಿವಿಗೆ ವ್ಯತ್ಯಾಸ ತಿಳಿಯುವುದೂ ಕಷ್ಟ.