ಹೆಸರು ಬಂತು, ಲೆಕ್ಕ ಬರಲಿಲ್ಲ

ಪ್ರಾಥಮಿಕ ಶಾಲೆಯ ಮಗುವಿಗೆ ವಿಜ್ಞಾನಿಯೆಂದರೆ ‘ಹೊಂದಿಸಿ ಬರೆಯಿರಿ’ ಎಂಬ ಪ್ರಶ್ನೆಯ ಎಡಭಾಗದಲ್ಲಿ ನಿಂತ ಒಂದು ಹೆಸರು. ಬಲಭಾಗದಲ್ಲಿ ಪ್ರಶಸ್ತಿಯೋ ಗ್ರಂಥವೋ ಇರುತ್ತದೆ. ನಡುವೆ ಗೆರೆ ಎಳೆದರೆ ಒಂದು ಅಂಕ. ಸಿ. ವಿ. ರಾಮನ್ ಎಂದರೆ 1930ರ ನೊಬೆಲ್. ಸಮುದ್ರ ನೀಲಿಯಾಗಿ ಕಾಣುವುದೇಕೆಂದು 1921ರ ಹಡಗಿನ ಪ್ರಯಾಣದಲ್ಲಿ ಅವರನ್ನು ಕಾಡಿದ್ದು ಯಾವ ಮಗುವೂ ಕೇಳಬಹುದಾದ ಪ್ರಶ್ನೆ. ಅದಕ್ಕೆ ಆ ಗೆರೆಯಲ್ಲಿ ಸ್ಥಳವಿಲ್ಲ. ಆರ್ಯಭಟ ಎಂದರೆ ಸೊನ್ನೆ. ಇದಂತೂ ಎಳೆಯಬಾರದ ಗೆರೆ. 499ರ ‘ಆರ್ಯಭಟೀಯ’ದಲ್ಲಿರುವುದು ಸ್ಥಾನಮೌಲ್ಯದ ಅರಿವು, ಸೊನ್ನೆಯನ್ನೂ ಒಂದು ಸಂಖ್ಯೆಯಾಗಿ ಪರಿಗಣಿಸಿ ನಿಯಮಗಳನ್ನು ಹೇಳಿದ್ದು 628ರಲ್ಲಿ ಬ್ರಹ್ಮಗುಪ್ತ.

ಕನ್ನಡನಾಡಿನ ಮಟ್ಟಿಗೆ ಈ ಪದ್ಧತಿಯಿಂದ ಹೆಚ್ಚು ನಷ್ಟಕ್ಕೊಳಗಾದವರು ಮಹಾವೀರಾಚಾರ್ಯರು. ‘ಕವಿರಾಜಮಾರ್ಗ’ ಹುಟ್ಟಿದ ಕಾಲದಲ್ಲಿಯೇ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿಯೇ, ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿತವಾಯಿತು. ಮೊದಲನೆಯದನ್ನು ಓದದೆ ಕನ್ನಡ ಎಂ.ಎ. ಪದವಿಯಿಲ್ಲ, ಎರಡನೆಯದರ ಹೆಸರನ್ನೂ ಕೇಳದೆ ಡಾಕ್ಟರೇಟ್ ಪಡೆಯಬಹುದು. (ಗ್ರಂಥಕಾರರನ್ನು ತೀರ್ಥಂಕರ ಮಹಾವೀರರೆಂದೇ ತಿಳಿಯುವವರೂ ಉಂಟು.) 1912ರಲ್ಲಿಯೇ ಎಂ. ರಂಗಾಚಾರ್ಯರು ಮದ್ರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಇದನ್ನು ಪ್ರಕಟಿಸಿದರು. ಆದ್ದರಿಂದ ಗ್ರಂಥ ಅಲಭ್ಯವೆಂಬ ನೆಪ ಸಲ್ಲದು.

ಹಾಗೆಂದು ಮಹಾವೀರಾಚಾರ್ಯರ ಹೆಸರನ್ನೂ ಎಡಭಾಗದ ಪಟ್ಟಿಗೆ ಸೇರಿಸಿಬಿಟ್ಟರೆ ಕೆಟ್ಟದ್ದು ಇನ್ನಷ್ಟು ಕೆಡುತ್ತದೆ. ಬೇಕಾದದ್ದು ಅವರ ಲೆಕ್ಕ. ಐದನೆಯ ತರಗತಿಯ ಮಗು ಭಿನ್ನರಾಶಿಯನ್ನು ಹೇಗೂ ಕಲಿಯುತ್ತದೆ. ಅಂಶದಲ್ಲಿ ಒಂದೇ ಇರುವ, ಆದರೆ ಛೇದಗಳು ಬೇರೆಬೇರೆಯಾದ ಭಿನ್ನಗಳನ್ನು ಕೂಡಿಸಿ ಪೂರ್ಣ ಒಂದನ್ನು ಪಡೆಯುವ ಬಗೆಯನ್ನು ಈ ಗ್ರಂಥ ಹೇಳುತ್ತದೆ: 1/2, 1/3, 1/6 ಸೇರಿದರೆ ಒಂದು; ನಾಲ್ಕು ಬೇಕೆಂದರೆ 1/2, 1/3, 1/9, 1/18. ಐದು ಬೇಕೆಂದರೆ? ಮಗು ತಾನೇ ಮೂರರಿಂದ ಗುಣಿಸುತ್ತ ಮುಂದೆ ಹೋಗಬಲ್ಲದು. ಹನ್ನೊಂದು ಶತಮಾನಗಳ ಹಿಂದಿನ ಒಬ್ಬ ಪಂಡಿತ ಆ ಕ್ಷಣದಲ್ಲಿ ಅದರ ಪಕ್ಕದಲ್ಲಿ ಕುಳಿತಿರುತ್ತಾನೆ.

ಇನ್ನೂ ಮುಖ್ಯವಾದದ್ದು ಆಚಾರ್ಯರ ತಪ್ಪು. ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಬರುತ್ತದೆ ಎಂದು ಸರಿಯಾಗಿ ಹೇಳಿದ ಅವರು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದೂ ಹೇಳಿದರು. ಆರು ಹಣ್ಣುಗಳನ್ನು ಯಾರಿಗೂ ಹಂಚದಿದ್ದರೆ ಆರೂ ಉಳಿಯುತ್ತವಲ್ಲವೇ? ಇಂದಿನ ಮಗುವೂ ಹೀಗೆಯೇ ಯೋಚಿಸುತ್ತದೆ. ಆಗ ಶಿಕ್ಷಕರು ಒಂದೇ ಪ್ರಶ್ನೆ ಕೇಳಿದರೆ ಸಾಕು: ಆರನ್ನು ಸೊನ್ನೆಯಿಂದ ಭಾಗಿಸಿ ಆರೇ ಬಂದರೆ, ಆ ಆರನ್ನು ತಿರುಗಿ ಸೊನ್ನೆಯಿಂದ ಗುಣಿಸಿದಾಗಲೂ ಆರು ಬರಬೇಕಲ್ಲ? ಆಚಾರ್ಯರ ಮೊದಲ ಮಾತೇ ಎರಡನೆಯ ಮಾತನ್ನು ಒಪ್ಪುವುದಿಲ್ಲ. 12ನೆಯ ಶತಮಾನದ ಭಾಸ್ಕರಾಚಾರ್ಯರು ಅಂಥ ರಾಶಿಯನ್ನು ‘ಖಹರ’ ಎಂದು ಕರೆದು ಅನಂತದ ಕಡೆಗೆ ನೋಡಿದರು. ಇಂದಿನ ಗಣಿತವು ಆ ಭಾಗಾಕಾರಕ್ಕೆ ಅರ್ಥವನ್ನೇ ಕೊಡುವುದಿಲ್ಲ.

ಪೂರ್ವಸೂರಿಗಳ ದೋಷವನ್ನು ಎಳೆಯರ ಮುಂದಿಟ್ಟರೆ ಗೌರವ ಕುಂದೀತೆಂದು ಆಕ್ಷೇಪಿಸುವವರಿದ್ದಾರೆ. ಯಾವ ಗೌರವ? ಲೆಕ್ಕವನ್ನೇ ತಿಳಿಯದೆ ಪಟಕ್ಕೆ ಹಾರ ಹಾಕುವುದೆ? ಶಾಸ್ತ್ರಪರಂಪರೆಯಲ್ಲಿ ಪೂರ್ವಪಕ್ಷವನ್ನು ಎತ್ತಿಕೊಂಡು ಖಂಡಿಸುವುದು ಎಂದೂ ಅವಿನಯವೆನಿಸಿಲ್ಲ. ಬ್ರಹ್ಮಗುಪ್ತ ಆರ್ಯಭಟನನ್ನು ಟೀಕಿಸಿದ ಕಟುತನ ಪ್ರಸಿದ್ಧ. ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತೆಂದು ಭಾಷಣ ಮಾಡುವವರೂ, ಹಳೆಯದರಲ್ಲಿ ವಿಜ್ಞಾನವೆಲ್ಲಿಯದೆಂದು ನಗುವವರೂ ಒಂದು ವಿಷಯದಲ್ಲಿ ಸಮಾನರು: ಇಬ್ಬರೂ ಗ್ರಂಥವನ್ನು ಬಿಚ್ಚಿಲ್ಲ.

ಪಠ್ಯದ ಹೊರೆ ಹೆಚ್ಚುತ್ತದೆ ಎಂಬ ವಾದವೂ ನಿಲ್ಲದು. ಗುಣಾಕಾರ ಪಠ್ಯದಲ್ಲಿ ಇದ್ದೇ ಇದೆ. ಮಕ್ಕಳು ಹೇಗೂ ಯಾವುದೋ ಎರಡು ಸಂಖ್ಯೆಗಳನ್ನು ಗುಣಿಸಲೇಬೇಕು. ಅವು ಆಚಾರ್ಯರ ಗ್ರಂಥದವೇ ಆಗಲಿ. 139ನ್ನು 109ರಿಂದ ಗುಣಿಸಿದರೆ 15151, ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಅವರು ಕಂಠಾಭರಣಗಳಿಗೆ ಹೋಲಿಸಿದ್ದಾರೆ. ಮನೆಗೆಲಸಕ್ಕೆ ಇನ್ನೊಂದು ಉಂಟು: 152207ನ್ನು 73ರಿಂದ ಗುಣಿಸುವುದು. ಉತ್ತರ ಇಲ್ಲಿ ಬೇಡ; ಹತ್ತು ವರ್ಷದ ಯಾವುದಾದರೂ ಮಗು ಬಿಡಿಸುವಾಗ ಸಂಶೋಧಕರು ಪಕ್ಕದಲ್ಲಿ ಕುಳಿತು ನೋಡಲಿ.